ಸೆರೆಮನೆಯ ಹೆಣ್ಣು ಮತ್ತು ಸಮ್ಮತಿಯ ಪ್ರಶ್ನೆ

ನ್ಯಾಯಾಲಯವು ಅಪರಾಧಿಗೆ ವಿಧಿಸುವ ಸೆರೆವಾಸದಲ್ಲಿ ಸ್ವಾತಂತ್ರ್ಯಹರಣವಿದೆಯೇ ಹೊರತು ಮಾನಹರಣವಿಲ್ಲ. ಆದರೆ ಪೊಲೀಸು ಠಾಣೆಯ ಅಥವಾ ಕಾರಾಗೃಹದ ಬಾಗಿಲು ಹಿಂದೆ ಮುಚ್ಚಿಕೊಂಡ ಮೇಲೆ ಹೆಣ್ಣಿನ ಪಾಲಿಗೆ ಇವೆರಡರ ನಡುವಣ ಗೆರೆ ಅಳಿಸಿಹೋದ ನಿದರ್ಶನಗಳು ಹಲವು.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಹದಿಹರೆಯದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವೆಸಗಿದ ಆರೋಪ ಇಬ್ಬರು ಪೊಲೀಸರ ಮೇಲೆ ಬಂದಿತು. ಮೈಮೇಲೆ ಗಾಯಗಳಿಲ್ಲ, ಪ್ರತಿಭಟಿಸಿದ ಕುರುಹಿಲ್ಲ ಎಂಬ ತರ್ಕದ ಮೇಲೆ 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಖುಲಾಸೆಗೊಳಿಸಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರವು ಶರಣಾಗತಿ ಬೇರೆ, ಸಮ್ಮತಿ ಬೇರೆ ಎಂಬ ಭೇದವನ್ನು ಮುಂದಿಟ್ಟಿತು. ಅದರ ಬೆನ್ನಿಗೆ ಎದ್ದ ಮಹಿಳಾ ಚಳವಳಿಯ ಫಲವಾಗಿ 1983ರ ತಿದ್ದುಪಡಿಯು ಬಂಧನದಲ್ಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಸೆರೆವಾಸವನ್ನು ಗೊತ್ತುಮಾಡಿತು. ಅಂತಹ ಪ್ರಕರಣದಲ್ಲಿ ತನ್ನ ಸಮ್ಮತಿಯಿರಲಿಲ್ಲವೆಂದು ಹೆಣ್ಣು ನುಡಿದರೆ ನ್ಯಾಯಾಲಯ ಹಾಗೆಯೇ ಭಾವಿಸಬೇಕೆಂಬ ನಿಯಮವೂ ಬಂದಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕಾರಾಗೃಹದ ಸಿಬ್ಬಂದಿಯನ್ನು ಈ ಕಠಿಣ ಶಿಕ್ಷೆಯ ವ್ಯಾಪ್ತಿಯಲ್ಲಿಯೇ ಇರಿಸಿದೆ.

ಹೀಗೆ ಕಾನೂನಿನ ಮಟ್ಟಿಗೆ ಕೊರತೆ ಹೆಚ್ಚಿಲ್ಲ. ಕೊರತೆಯಿರುವುದು ದೂರು ಹೊರಬರುವ ದಾರಿಯಲ್ಲಿ. ಬಂದಿನಿಯ ಅನ್ನ, ಔಷಧಿ, ಮಕ್ಕಳ ಭೇಟಿ, ವಕೀಲರಿಗೆ ಬರೆದ ಕಾಗದ ಇವೆಲ್ಲವೂ ಸಿಬ್ಬಂದಿಯ ಕೈಯಲ್ಲಿವೆ. ಯಾರ ಮೇಲೆ ದೂರಬೇಕೋ ಅವರ ಮೂಲಕವೇ ದೂರು ಸಾಗಬೇಕೆಂದರೆ ಅದು ಹುಟ್ಟುವ ಮೊದಲೇ ಸಾಯುತ್ತದೆ.

ಮಹಿಳಾ ಸಿಬ್ಬಂದಿಯನ್ನು ನೇಮಿಸಿದರೆ ಸಮಸ್ಯೆ ಬಗೆಹರಿಯುವುದೆಂಬ ವಾದವಿದೆ. ಆ ನೇಮಕ ಅಗತ್ಯ. ಆದರೆ ಅಷ್ಟರಿಂದಲೇ ಸಾಲದು. 2017ರ ಜೂನ್‌ನಲ್ಲಿ ಮುಂಬಯಿಯ ಬೈಕಳಾ ಕಾರಾಗೃಹದಲ್ಲಿ ಬಂದಿನಿಯೊಬ್ಬಳು ಸತ್ತಾಗ ಕೊಲೆಯ ಆರೋಪದ ಮೇಲೆ ಬಂಧಿತರಾದ ಆರು ಮಂದಿ ಸಿಬ್ಬಂದಿಯೂ ಮಹಿಳೆಯರೇ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದಾಗ, ಹೊಸದಾಗಿ ಬಂದ ಹೆಂಗಸರನ್ನು ಇತರರೆದುರು ವಿವಸ್ತ್ರಗೊಳಿಸುತ್ತಿದ್ದುದನ್ನು ತಮ್ಮ ದಿನಚರಿಯಲ್ಲಿ ದಾಖಲಿಸಿದರು. ತಪಾಸಣೆಯೆಂಬ ಹೆಸರು ಪಡೆದಾಗ ಅವಮಾನವೂ ನಿತ್ಯದ ಆಡಳಿತವಾಗಿಬಿಡುತ್ತದೆ. ಇಂಥ ವಿವಸ್ತ್ರ ತಪಾಸಣೆಗೆ ಬದಲಿ ವಿಧಾನಗಳನ್ನು ರೂಪಿಸಬೇಕೆಂದು 2010ರ ವಿಶ್ವಸಂಸ್ಥೆಯ ಬ್ಯಾಂಕಾಕ್ ನಿಯಮಗಳು ಹೇಳುತ್ತವೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ. ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿಯ ಸೆರೆಮನೆಯಲ್ಲಿ 15 ಮಂದಿ ಬಂದಿನಿಯರನ್ನು ಮಾತನಾಡಿಸಿದಾಗ, ಐವರು ಪೊಲೀಸರ ವಶದಲ್ಲಿ ತಮ್ಮ ಮೇಲೆ ಹಲ್ಲೆಯಾದುದನ್ನು ತಿಳಿಸಿದ್ದರು. ಅವರ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಮಹಿಳೆಯರಿಗೆ ಪ್ರತ್ಯೇಕ ಲಾಕಪ್, ಮಹಿಳಾ ಪೊಲೀಸರ ಸಮಕ್ಷಮದಲ್ಲಿಯೇ ವಿಚಾರಣೆ ಮುಂತಾದ ನಿರ್ದೇಶನಗಳನ್ನಿತ್ತಿತು. ಬಂಧಿತರ ಹಕ್ಕುಗಳನ್ನು ಮರಾಠಿ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಮುದ್ರಿಸಿ ಅಂಟಿಸಬೇಕು, ಓದಿ ತಿಳಿಸಬೇಕು ಎಂದೂ ವಿಧಿಸಿತು. ಅದು ಉಪಯುಕ್ತ ಹೆಜ್ಜೆಯೇ ಸರಿ. ಆದರೆ ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ, ಅಕ್ಷರವರಿಯದ ಕೂಲಿಕಾರ್ತಿಗೆ ಈ ಮೂರು ಭಾಷೆಗಳೂ ಮೌನವೇ. ಆಕೆ ತನ್ನ ಸಂಕಟವನ್ನು ಯಾವ ನುಡಿಯಲ್ಲಿ ದಾಖಲಿಸಬೇಕು?

ಆದುದರಿಂದ ಸುಧಾರಣೆಯ ದಿಕ್ಕು ಸ್ಪಷ್ಟ. ಕಾರಾಗೃಹ ಇಲಾಖೆಗೆ ಸೇರದ ಸಂದರ್ಶಕರು ಮುನ್ಸೂಚನೆಯಿಲ್ಲದೆ ಬಂದು, ಸಿಬ್ಬಂದಿಯ ಮರೆಯಲ್ಲಿ ಬಂದಿನಿಯರೊಡನೆ ಮಾತನಾಡಬೇಕು. ದೂರಿನ ಪೆಟ್ಟಿಗೆಯ ಬೀಗದ ಕೈ ಜಿಲ್ಲಾ ನ್ಯಾಯಾಧೀಶರ ಬಳಿಯಿರಬೇಕು. ದೂರಿತ್ತವಳಿಗೆ ರಕ್ಷಣೆಯೂ ಹೊರಗಿನ ವೈದ್ಯೆಯಿಂದ ತ್ವರಿತ ಪರೀಕ್ಷೆಯೂ ದೊರೆಯಬೇಕು. ಕಾರಾಗೃಹವು ರಾಜ್ಯಪಟ್ಟಿಯ ವಿಷಯವಾದ್ದರಿಂದ ಇದರ ಹೊಣೆ ರಾಜ್ಯ ಸರಕಾರಗಳದ್ದು. ಬಂದಿನಿಯ ಮಾತನ್ನು ಅವಳದೇ ನುಡಿಯಲ್ಲಿ ಕೇಳಿ ಬರೆದುಕೊಳ್ಳುವವರನ್ನು ಒದಗಿಸುವಲ್ಲಿ ಹೊರನಾಡಿನ ಕನ್ನಡ ಸಂಘಗಳೂ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳೂ ಕೈಜೋಡಿಸಬಹುದು. ಮೌನವನ್ನು ಸಮ್ಮತಿಯೆಂದು ಓದಿದ ತಪ್ಪನ್ನು ನ್ಯಾಯಶಾಸ್ತ್ರ ತಿದ್ದಿಕೊಂಡಿದೆ; ಆಡಳಿತವು ಅದನ್ನಿನ್ನೂ ತಿದ್ದಿಕೊಳ್ಳಬೇಕಾಗಿದೆ.