ಹತ್ತು ನಿಮಿಷದ ಆಕಾಶ, 23 ವರ್ಷದ ಮರೆವು

ಆಗಸ್ಟ್ 15 ಬಂತೆಂದರೆ ಮಡಿಕೇರಿಯಲ್ಲೂ ಧ್ವಜ ಏರುತ್ತದೆ. ಮಕ್ಕಳ ಕವಾಯತು, ಗಣ್ಯರ ಭಾಷಣ, ಸಿಹಿ ಹಂಚಿಕೆ ಎಲ್ಲವೂ ಸಾಂಗವಾಗಿ ನಡೆಯುತ್ತದೆ. ಕೋಟಿನ ಮೇಲೆ ಪದಕ ತೂಗಿಸಿಕೊಂಡ ನಾಲ್ಕಾರು ಮಾಜಿ ಸೈನಿಕರು ಶಾಮಿಯಾನದ ಒಂದು ಮೂಲೆಯಲ್ಲಿ ಕೂತಿರುತ್ತಾರೆ. ರಾಷ್ಟ್ರಗೀತೆಗೆ ಎಲ್ಲರಿಗಿಂತ ಮೊದಲು ನೆಟ್ಟಗೆ ನಿಲ್ಲುವವರು ಅವರೇ. ಆಮೇಲೆ ತಮ್ಮ ಪಾಡಿಗೆ ತಾವು ಊರಿನ ಬಸ್ಸು ಹತ್ತುತ್ತಾರೆ. ಎಲ್ಲಿ ಕಾದಿದಿರಿ, ಏನು ಕಂಡಿರಿ ಅಂತ ಕೇಳುವ ಪುರುಸೊತ್ತು ಯಾರಿಗಿದೆ ಸ್ವಾಮಿ?

ಈಗಿನ ಹುಡುಗರ ಬಾಯಲ್ಲಿ ಬೇರೆಯೇ ಮಾತು. ದುಡ್ಡಿದ್ದರೆ ಆಕಾಶಕ್ಕೂ ಟೂರ್ ಹೋಗಬಹುದಂತೆ! ಸುಳ್ಳಲ್ಲ. 2001ರಲ್ಲಿ ಅಮೆರಿಕದ ಡೆನ್ನಿಸ್ ಟಿಟೊ ಎಂಬ ಸಾಹುಕಾರ ಸ್ವಂತ ಹಣ ತೆತ್ತು ಅಂತರಿಕ್ಷಕ್ಕೆ ಹೋಗಿಬಂದ. 2021ರ ಜುಲೈಯಲ್ಲಿ ಬ್ರಾನ್ಸನ್, ಬೆಜೋಸ್ ಎಂಬ ಇಬ್ಬರು ಕುಬೇರರು ಒಂಬತ್ತು ದಿನಗಳ ಅಂತರದಲ್ಲಿ ತಂತಮ್ಮ ಕಂಪನಿಯ ವಾಹನದಲ್ಲೇ ಹಾರಿದರು. ಬೆಜೋಸರ ಜತೆಗಿನ ಒಂದು ಸೀಟು 2 ಕೋಟಿ 80 ಲಕ್ಷ ಡಾಲರಿಗೆ ಹರಾಜಾಯಿತು. ಅಷ್ಟಕ್ಕೂ ಆ ಪ್ರಯಾಣ ಎಷ್ಟು ಹೊತ್ತಿನದು? ಸುಮಾರು ಹತ್ತು ನಿಮಿಷ! ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಅದರಲ್ಲೂ ಮೈ ಹಗುರಾಗಿ ತೇಲುವುದು ಮೂರ್ನಾಲ್ಕು ನಿಮಿಷ ಮಾತ್ರ. ಲೋಕವೆಲ್ಲಾ ಟಿ.ವಿ. ಮುಂದೆ ಕೂತು ಚಪ್ಪಾಳೆ ಹೊಡೆಯಿತು.

ಹೋಗುವವರು ಹೋಗಲಿ, ಅವರ ದುಡ್ಡು, ಅವರ ಇಷ್ಟ. ಆದರೆ ಚಪ್ಪಾಳೆ ಯಾರಿಗೆ ಎಂಬುದು ಪ್ರಶ್ನೆ.

ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರೂ ಆಕಾಶಕ್ಕೆ ಹೋದವರೇ. ಅವರು ಟಿಕೆಟ್ ಕೊಂಡಿರಲಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟ ಪಡೆಯಲ್ಲಿ ಅವರದು ಕಾಯ್ದಿಟ್ಟ ಸ್ಥಾನ. ಬೇರೊಬ್ಬರ ಜಾಗ ತೆರವಾದಾಗ ನುಗ್ಗಿದರು. ಎದುರಾದದ್ದು ಶಬ್ದಕ್ಕಿಂತ ದುಪ್ಪಟ್ಟು ವೇಗದ ಸ್ಟಾರ್‌ಫೈಟರ್. ದೇವಯ್ಯನವರದು ಹಳೇ ಮಿಸ್ಟೇರ್. ಆದರೂ ಓಡದೆ ತಿರುಗಿ ನಿಂತರು, ಸ್ಟಾರ್‌ಫೈಟರನ್ನು ಕೆಡವಿದರು, ತಾವೂ ವಾಪಸ್ ಬರಲಿಲ್ಲ. ಆಗ ಅವರ ವಯಸ್ಸು 32.

ನಮ್ಮವರಿಗೆ ಆ ಸಂಗತಿ ತಿಳಿದದ್ದು 1979ರಲ್ಲಿ ಇಂಗ್ಲೆಂಡಿನ ಲೇಖಕರೊಬ್ಬರ ಪುಸ್ತಕ ಬಂದ ಮೇಲೆ! ತಿಳಿದ ಮೇಲೂ ಕಡತ ಒಂಬತ್ತು ವರ್ಷ ಕುಂಟಿತು. 1988ರಲ್ಲಿ ಮಹಾವೀರ ಚಕ್ರ ಬಂತು. ಮಡಿದ 23 ವರ್ಷದ ನಂತರ! ಹತ್ತು ನಿಮಿಷ ಹಾರಿದವರಿಗೆ ಹಾರ ಹಾಕಲು ಹತ್ತು ನಿಮಿಷವೂ ತಡವಾಗಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಅಂತರಿಕ್ಷವೇ ಬೇಡ ಎನ್ನುವ ಮಾತಲ್ಲ ಇದು. 1984ರಲ್ಲಿ ಹೋದ ರಾಕೇಶ್ ಶರ್ಮಾ 1971ರ ಯುದ್ಧದಲ್ಲಿ ಮಿಗ್ ಹಾರಿಸಿದ ಯೋಧ. 2025ರಲ್ಲಿ ಹೋದ ಶುಭಾಂಶು ಶುಕ್ಲಾ ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ಶುಕ್ಲಾ ಸೀಟಿಗೂ ಸರ್ಕಾರ ದುಡ್ಡು ಕೊಟ್ಟದ್ದು ನಿಜ. ಆದರೆ ಅವರು ಪ್ರಯೋಗಗಳನ್ನು ಹೊತ್ತು ದುಡಿಯಲು ಹೋದರು, ಸೆಲ್ಫಿಗಲ್ಲ.

ಟೂರಿನವರಲ್ಲೂ ಮೆಚ್ಚುವಂಥ ಒಂದು ಪ್ರಸಂಗವಿದೆ. 2024ರ ಮೇ 19ರಂದು ಬೆಜೋಸ್ ಕಂಪನಿಯ ರಾಕೆಟ್ಟಿನಲ್ಲಿ ನಮ್ಮ ಗೋಪಿ ತೋಟಕೂರ ಹಾರಿದಾಗ ಪಕ್ಕದ ಸೀಟಿನಲ್ಲಿ 90 ವರ್ಷದ ಎಡ್ ಡ್ವೈಟ್ ಇದ್ದರು. ಅಮೆರಿಕ ವಾಯುಪಡೆಯ ಮಾಜಿ ಕ್ಯಾಪ್ಟನ್, ಕಪ್ಪು ಜನಾಂಗದವರು. 1960ರ ದಶಕದಲ್ಲಿ ಗಗನಯಾತ್ರಿ ತರಬೇತಿ ಪಡೆದರೂ ನಾಸಾ ಅವರನ್ನು ಆರಿಸಲಿಲ್ಲ. ಅರವತ್ತು ವರ್ಷದ ನಂತರ ಒಂದು ಸಂಸ್ಥೆ ಅವರ ಸೀಟಿನ ಖರ್ಚಿಗೆ ನೆರವಾಯಿತು. ಹಳೇ ಯೋಧನ ಋಣ ತೀರಿಸಿದ ಟಿಕೆಟ್ಟಿಗೆ ಬೆಲೆ ಇದೆ. ಉಳಿದದ್ದು ಬರೀ ಮೋಜು.

ಋಣ ತೀರಿಸಲು ನಮಗೆ ರಾಕೆಟ್ ಬೇಕಿಲ್ಲ. ದೇಶದ ಸೇನೆಯ ಮೊದಲ ಭಾರತೀಯ ದಂಡನಾಯಕನನ್ನು 1949ರಲ್ಲಿ ಕೊಟ್ಟ ಜಿಲ್ಲೆ ಇದು. ಹೊಸ ರಾಷ್ಟ್ರಕ್ಕಿನ್ನೂ ವರ್ಷ ಒಂದೂವರೆ ತುಂಬದಾಗ ಜೋಜಿಲಾ ಹಿಮಕಣಿವೆಗೆ ಟ್ಯಾಂಕ್ ಹತ್ತಿಸಿದ ಜನರಲ್ ತಿಮ್ಮಯ್ಯನವರ ಜಿಲ್ಲೆ ಇದು. ಅವರು ಹುಟ್ಟಿದ 'ಸನ್ನಿ ಸೈಡ್' ಮನೆ 2021ರಿಂದ ಮ್ಯೂಸಿಯಂ ಆಗಿದೆ. ಹೊರಗಿನ ಪ್ರವಾಸಿಗರು ಬಂದು ನೋಡುತ್ತಾರೆ. ನಮ್ಮ ಶಾಲೆಗಳ ಎಷ್ಟು ಮಕ್ಕಳು ನೋಡಿದ್ದಾರೆ? ಮೇಷ್ಟ್ರುಗಳೇ ಹೇಳಬೇಕು.

ಖರ್ಚಿಲ್ಲದ ಕೆಲಸ ಒಂದಿದೆ. ಆಗಸ್ಟ್ 15ರಂದು ಪ್ರತಿ ಪಂಚಾಯ್ತಿಯಲ್ಲೂ ಆ ಊರಿಂದ ಹೋಗಿ ಮಡಿದವರ ಹೆಸರನ್ನು ಧ್ವಜದ ಕೆಳಗೆ ಗಟ್ಟಿಯಾಗಿ ಓದಲಿ. ಬದುಕಿರುವ ಮಾಜಿ ಸೈನಿಕರಿಗೆ ಮುಂದಿನ ಸಾಲಿನ ಕುರ್ಚಿ ಕೊಡಲಿ. ಅವರಲ್ಲೊಬ್ಬರು ಹತ್ತು ನಿಮಿಷ ಮಾತಾಡಲಿ, ಮಕ್ಕಳು ಕೇಳಲಿ. ಗಣ್ಯರ ಭಾಷಣ ಹತ್ತು ನಿಮಿಷ ಕಮ್ಮಿಯಾದರೆ ಯಾರೂ ಅಳುವುದಿಲ್ಲ.

1965ರಲ್ಲಿ ಕಾದಿದವರಿಗೆ ಈಗ ಎಂಬತ್ತು ದಾಟಿದೆ. ಅವರನ್ನೂ 23 ವರ್ಷ ಕಾಯಿಸಿದರೆ ಕೇಳಲು ಯಾರೂ ಉಳಿದಿರುವುದಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?