ಆಡುವವರಿಗೆ ಅರ್ಹತೆ ಬೇಕು, ಆಡಿಸುವವರಿಗೆ?

ಅಂತರ ಕಾಲೇಜು ಕಬಡ್ಡಿಗೆ ಹೆಸರು ಕೊಡುವಾಗ ನಮ್ಮ ತಂಡದ ಹುಡುಗಿಯರೆಲ್ಲ ಎರಡು ದಿನ ಜೆರಾಕ್ಸ್ ಅಂಗಡಿಯಲ್ಲೇ ಇದ್ದೆವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಈ ವರ್ಷದ ಫೀಸ್ ರಸೀದಿ, ಐಡಿ ಕಾರ್ಡ್, ಫೋಟೊ, ಫೋಟೊ ಮೇಲೆ ಪ್ರಾಂಶುಪಾಲರ ಸಹಿ, ಸೀಲು. ಒಬ್ಬಳ ಇನಿಷಿಯಲ್ ಒಂದು ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇತ್ತೆಂದು ಅವಳ ಫಾರ್ಮ್ ವಾಪಸ್ ಬಂತು.

ಇಷ್ಟೆಲ್ಲ ಆದ ಮೇಲೆ ನಮ್ಮನ್ನು ಕರೆದುಕೊಂಡು ಹೋದವರು ವಾಣಿಜ್ಯ ವಿಭಾಗದ ಮೇಡಂ. ನಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ. ಹುಡುಗಿಯರ ತಂಡದ ಜೊತೆ ಒಬ್ಬ ಮೇಡಂ ಇರಬೇಕಲ್ಲ, ಅದಕ್ಕೆ ಅವರು ಬಂದರು. ತುಂಬ ಒಳ್ಳೆಯವರು. ಬಸ್ಸಿನಲ್ಲಿ ಮನೆಯಿಂದ ತಂದ ಚಿತ್ರಾನ್ನ ಹಂಚಿದರು. ಆದರೆ ಬೋನಸ್ ಲೈನ್ ಎಲ್ಲಿದೆ ಎಂದು ನಮ್ಮನ್ನೇ ಕೇಳಿದರು.

ಎರಡನೇ ಪಂದ್ಯದಲ್ಲಿ ರೈಡ್‌ಗೆ ಹೋದಾಗ ಎದುರಾಳಿ ಕಾಲು ಹಿಡಿದಳು, ನಾನು ತಿರುಗಿದೆ, ಮಂಡಿ ತಿರುಗಲಿಲ್ಲ. ಪಕ್ಕದಲ್ಲಿದ್ದ ಯಾರೋ ‘ಎಳೆದರೆ ಸರಿ ಹೋಗುತ್ತೆ’ ಎಂದು ಕಾಲು ಹಿಡಿದು ಎಳೆದರು. ನೋವಿನ ಸ್ಪ್ರೇ ಹೊಡೆದರು. ನಾನು ಮತ್ತೆ ಆಡಿದೆ. ಚಪ್ಪಾಳೆಯೂ ಬಿತ್ತು. ಊರಿಗೆ ಬಂದು ಸ್ಕ್ಯಾನ್ ಮಾಡಿಸಿದರೆ ಲಿಗಮೆಂಟ್ ಹರಿದಿತ್ತು. ಎಳೆದದ್ದು ಒಂದು ತಪ್ಪು, ಮತ್ತೆ ಆಡಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದರು ಡಾಕ್ಟರು. ಅದನ್ನು ಅಲ್ಲೇ ಹೇಳಬಲ್ಲವರು ನಮ್ಮ ಕಡೆ ಒಬ್ಬರೂ ಇರಲಿಲ್ಲ.

ನಿಯಮಗಳೇ ಬೇಡ ಎನ್ನುವವಳಲ್ಲ ನಾನು. ಅಂತರ ವಿಶ್ವವಿದ್ಯಾಲಯ ಕ್ರೀಡೆ ನಡೆಸುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘ 17 ದಾಟಿದ, 25 ದಾಟದ ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ರೆಗ್ಯುಲರ್ ಆಗಿ ಓದುತ್ತಿರಬೇಕು. ದೂರಶಿಕ್ಷಣದವರು, ಪೂರ್ಣಾವಧಿ ಕೆಲಸದಲ್ಲಿರುವವರು ಆಡುವಂತಿಲ್ಲ. ಇದಿಲ್ಲದಿದ್ದರೆ ಕಪ್ ಗೆಲ್ಲುವುದಕ್ಕೆಂದೇ ಅಡ್ಮಿಷನ್ ಮಾಡಿಸಿಕೊಂಡ ಮೂವತ್ತು ವರ್ಷದವರು ಬಂದು ನಮ್ಮ ಮೇಲೆ ಬೀಳುತ್ತಾರೆ. ಹಾಗಂತ ಈ ನಿಯಮದ ಪೆಟ್ಟು ಬೀಳುವುದೂ ಬಡವರಿಗೇ. ನಮ್ಮ ತಂಡದ ಅತ್ಯುತ್ತಮ ಡಿಫೆಂಡರ್ ಅಪ್ಪ ತೀರಿಕೊಂಡ ಮೇಲೆ ಬಟ್ಟೆ ಅಂಗಡಿ ಸೇರಿ, ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದಾಳೆ. ಅವಳ ಆಟ ಅಲ್ಲಿಗೆ ಮುಗಿಯಿತು.

ಇದು ಬರೀ ಆಟದ ಮಾತಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಕ್ಕೆ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತನ್ನ ವಿ.ವಿ.ಯನ್ನು ಪ್ರತಿನಿಧಿಸಿದ್ದೂ ಒಂದು ಅರ್ಹತೆ. ಅಂದರೆ ‘ಯೂನಿವರ್ಸಿಟಿ ಬ್ಲೂ’ ಆದವಳಿಗೆ ರೈಲ್ವೆಯದೋ ಅಂಚೆ ಇಲಾಖೆಯದೋ ಒಂದು ಬಾಗಿಲು ಅರ್ಧ ತೆರೆದಂತೆ. ಆಯ್ಕೆಗಾರರ ಕಣ್ಣಿಗೆ ಬೀಳುವುದು ಅಂತರ ಕಾಲೇಜು ಪಂದ್ಯದಲ್ಲಿ. ಅಲ್ಲಿಗೆ ದಿನಾ ಕೋಚ್ ಹತ್ತಿರ ಕಲಿತು ಬಂದ ತಂಡದ ಎದುರು, ಯೂಟ್ಯೂಬ್ ನೋಡಿ ಆಂಕಲ್ ಹೋಲ್ಡ್ ಕಲಿತ ನಾವು ನಿಲ್ಲುತ್ತೇವೆ. ಫಾರ್ಮ್ ಪ್ರಕಾರ ಇಬ್ಬರೂ ಸಮಾನ ಅರ್ಹರು!

ಮನೆಯಲ್ಲಿ ಕಾಲು ಚಾಚಿ ಕೂತಿದ್ದ ದಿನಗಳಲ್ಲಿ ಬೇರೆ ದೇಶದ ಕಾಲೇಜು ತಂಡಗಳ ಬಗ್ಗೆ ಓದಿದೆ. ಅಮೆರಿಕದ ಲಕ್ರಾಸ್ ಕ್ಲಬ್‌ಗಳ ವಿಷಯ ಸಿಕ್ಕಿದ್ದು ಹಾಗೆ. ಕೋಲಿನ ತುದಿಯ ಬಲೆಯಲ್ಲಿ ಗಟ್ಟಿ ರಬ್ಬರ್ ಚೆಂಡು ಇಟ್ಟುಕೊಂಡು ಓಡುವ ಆಟ ಅದು, ಅಲ್ಲಿನ ಮೂಲನಿವಾಸಿಗಳದ್ದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಇರುತ್ತದೆ. ವಿಶ್ವವಿದ್ಯಾಲಯವೇ ದುಡ್ಡು ಹಾಕಿ ಎನ್‌ಸಿಎಎ ನಿಯಮದಡಿ ಆಡಿಸುವ ತಂಡ ಬೇರೆ; ವಿದ್ಯಾರ್ಥಿಗಳೇ ಚಂದಾ ಎತ್ತಿ ನಡೆಸುವ ಕ್ಲಬ್ ತಂಡ ಬೇರೆ. ಕ್ಲಬ್‌ನಲ್ಲೂ ಅರ್ಹತೆ ನೋಡುತ್ತಾರೆ: ಆ ಕಾಲೇಜಿನಲ್ಲಿ ಓದುತ್ತಿರಬೇಕು. ಆದರೆ ಆಡಿಸುವವರನ್ನೂ ನೋಡುತ್ತಾರೆ. ಪ್ರಥಮ ಚಿಕಿತ್ಸೆ, ಸಿಪಿಆರ್ ಕಲಿತ ಪ್ರಮಾಣಪತ್ರವನ್ನು ಎಷ್ಟೋ ವಿಶ್ವವಿದ್ಯಾಲಯಗಳು ಕ್ಲಬ್ ಕೋಚ್‌ಗಳಿಂದ ಕೇಳುತ್ತವೆ. ಯುಎಸ್‌ಎ ಲಕ್ರಾಸ್ ಸಂಸ್ಥೆ ಕೋಚ್‌ಗಳಿಗೆಂದೇ ಹಂತ ಹಂತದ ತರಬೇತಿ ನಡೆಸುತ್ತದೆ.

‘ಅವರ ಹತ್ತಿರ ಡಾಲರ್ ಇದೆ’ ಎನ್ನಬಹುದು. ಇದೆ. ಆದರೆ ತಿರುಚಿದ ಮಂಡಿಯನ್ನು ಎಳೆಯಬಾರದು ಎಂದು ಕಲಿಸಲು ಡಾಲರ್ ಬೇಕಿಲ್ಲ. ಅಡ್ಮಿಷನ್ ಹೊತ್ತಿನಲ್ಲಿ ಕ್ರೀಡಾ ಶುಲ್ಕವೆಂದು ನಾವೂ ಕಟ್ಟಿದ್ದೇವೆ. ಪಿ.ಡಿ. ಸರ್ ಇರುವ ಕಾಲೇಜಿನಲ್ಲೂ ಅವರೊಬ್ಬರೇ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ, ಜೊತೆಗೆ ಗಣರಾಜ್ಯೋತ್ಸವದ ಪರೇಡು ನೋಡಿಕೊಳ್ಳಬೇಕು. ಅವರನ್ನು ದೂರಿ ಫಲವಿಲ್ಲ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಡಿಪ್ಲೊಮಾ ಜೊತೆಗೆ ಆರು ವಾರಗಳ ಕೋಚಿಂಗ್ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿ, ಪದವಿ ಮುಗಿಸಿ, ಕೆಲಸವಿಲ್ಲದೆ ಊರಲ್ಲಿರುವವರು ಎಷ್ಟು ಮಂದಿ! ಅಂಥವರನ್ನು ಈ ಕೋರ್ಸಿಗೆ ಕಳಿಸಿ, ಎರಡು ಮೂರು ಕಾಲೇಜು ಸೇರಿ ಒಬ್ಬರನ್ನು ಗೌರವಧನಕ್ಕೆ ಇಟ್ಟುಕೊಳ್ಳಬಹುದು. ತಂಡದ ಎಲಿಜಿಬಿಲಿಟಿ ಫಾರ್ಮಿನಲ್ಲಿ ಒಂದು ಕಾಲಂ ಹೆಚ್ಚಾಗಲಿ: ಕೋಚ್ ಹೆಸರು, ತರಬೇತಿ, ಪ್ರಥಮ ಚಿಕಿತ್ಸೆ ಬರುತ್ತದೆಯೇ? ಒಂದು ಅವಧಿ ಕೊಟ್ಟು, ಆಮೇಲೂ ಅದು ಖಾಲಿ ಇದ್ದರೆ ನಮ್ಮ ಇನಿಷಿಯಲ್ ಹಿಂದೆಮುಂದಾದಾಗ ಮಾಡಿದಂತೆ ಅದನ್ನೂ ವಾಪಸ್ ಕಳಿಸಲಿ.

ನನಗಿದು ಕೊನೆಯ ವರ್ಷ, ಮಂಡಿ ಇನ್ನೂ ಪೂರ್ತಿ ಮಡಚುವುದಿಲ್ಲ. ಮುಂದಿನ ವಾರ ಜೂನಿಯರ್‌ಗಳ ಆಯ್ಕೆ ಇದೆ. ನಮ್ಮೂರಿನ ಹಳೆಯ ಆಟಗಾರ್ತಿಯೊಬ್ಬರು ವಾರಕ್ಕೆ ಮೂರು ಸಂಜೆ ಬಂದು ಕಲಿಸಲು ಒಪ್ಪಿದ್ದಾರೆ, ಪೆಟ್ರೋಲ್ ಖರ್ಚು ಕೊಟ್ಟರೆ ಸಾಕಂತೆ. ಪ್ರಾಂಶುಪಾಲರಿಗೆ ಮನವಿ ಕೊಟ್ಟು ಹದಿನೈದು ದಿನವಾಯಿತು. ಇನ್ನೂ ಸಹಿ ಆಗಿಲ್ಲ.