ಫೋಟೊಗ್ರಾಫರ್ ಜೊತೆ ಅರ್ಧ ಗಂಟೆ

ಅಂತರಪಟ ಸರಿದು ವಧು-ವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವ ಗಳಿಗೆಗಾಗಿ ಮಂಟಪದ ಮುಂದೆ ಬಂಧುಗಳೆಲ್ಲ ಅಕ್ಷತೆ ಹಿಡಿದು ಕಾಯುತ್ತಾರೆ. ಈಗೀಗ ಅವರಿಗೆ ಕಾಣುವುದು ಕ್ಯಾಮೆರಾದವರ ಬೆನ್ನು ಮಾತ್ರ. ‘ಸರ್, ತಾಳಿ ಹಾಗೇ ಹಿಡ್ಕೊಳ್ಳಿ, ಇಲ್ಲಿ ನೋಡಿ’ ಎಂದರೆ ಪುರೋಹಿತರೂ ಮಂತ್ರ ನಿಲ್ಲಿಸಿ ಕಾಯಬೇಕು!

ಇದು ಫೋಟೊಗ್ರಾಫರ್ ಒಬ್ಬರದೇ ತಪ್ಪಲ್ಲ. ಪ್ರಿ-ವೆಡ್ಡಿಂಗ್ ಶೂಟ್‌ಗೆ ಯಾವ ಬೆಟ್ಟ, ಯಾವ ಬೀಚ್ ಎಂದು ವಾರಗಟ್ಟಲೆ ಚರ್ಚಿಸುವ ನಾವು, ಮದುವೆ ದಿನದ ಬಗ್ಗೆ ಅವರೊಂದಿಗೆ ಅರ್ಧ ಗಂಟೆಯೂ ಕೂತು ಮಾತಾಡುವುದಿಲ್ಲ. ಒಂದು ಫೋಟೊ ತಪ್ಪಿದರೂ ಬೈಸಿಕೊಳ್ಳುವವರು ತಾವೇ ಎಂಬ ಭಯಕ್ಕೆ ಅವರು ಮಂಟಪವನ್ನೇ ಹತ್ತುತ್ತಾರೆ.

ಮುಂಗಡ ಕೊಡುವಾಗಲೇ ಶಾಸ್ತ್ರಗಳ ಕ್ರಮ, ಮುಹೂರ್ತದ ಸಮಯ ತಿಳಿಸೋಣ. ಧಾರೆ, ಮಾಂಗಲ್ಯಧಾರಣೆಯ ಹೊತ್ತಿಗೆ ಪಕ್ಕದಲ್ಲಿ ನಿಂತು ಜೂಮ್ ಲೆನ್ಸ್‌ನಲ್ಲಿ ತೆಗೆಯಲು ಕೇಳೋಣ. ಫೋಟೊದಲ್ಲಿ ಇರಲೇಬೇಕಾದವರ ಪಟ್ಟಿ ಕೊಟ್ಟು, ಗುರುತು ಹೇಳಲು ಮನೆಯವರೊಬ್ಬರನ್ನು ಜೊತೆಗೆ ಬಿಡೋಣ. ವೇದಿಕೆಯ ಮೆಟ್ಟಿಲು ಹತ್ತಲಾಗದೆ ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿಯ ಬಳಿಗೂ ಕ್ಯಾಮೆರಾ ಹೋಗಲಿ. ಡ್ರೋನ್ ಶಾಟ್ ಇಲ್ಲದಿದ್ದರೂ ಆಲ್ಬಂ ಪೂರ್ತಿಯಾಗುತ್ತದೆ, ಅಜ್ಜಿಯಿಲ್ಲದೆ ಆಗದು.